ಶಾಲೆ ಬಿಟ್ಟ ಕಾರಣ

ನಾನು ಪಾಠ ಹೇಳುತ್ತಿದ್ದ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಯಲ್ಲಿ ಒಂದು ವರ್ಷ ಒಂಬತ್ತರ ಮಗ್ಗಿಯನ್ನು ನೆಟ್ಟಗೆ ಹೇಳಿಸಲು ಆಗಲೇ ಇಲ್ಲ. 'ಒಂಬತ್ತೊಂದ್ಲ ಒಂಬತ್ತು' ಎನ್ನುತ್ತಲೇ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು ಹುಟ್ಟುತ್ತಿತ್ತು. 'ಒಂಬತ್ತೆರಡ್ಲ ಹದಿನೆಂಟು' ಮುಗಿಯುವಷ್ಟರಲ್ಲಿ ತರಗತಿಯ ತಲೆಗಳೆಲ್ಲ ಕಿಟಕಿ ಪಕ್ಕ ಕೂತ ಒಬ್ಬನ ಕಡೆ ತಿರುಗಿರುತ್ತಿದ್ದವು. ಅವನು ಪುಸ್ತಕದಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದ. ನಾನು ಮೇಜಿಗೆ ಡಸ್ಟರ್ ಬಡಿದು 'ಸೈಲೆನ್ಸ್' ಎಂದು ಗದರುತ್ತಿದ್ದೆ. ಗದರಿದ್ದು ಸದ್ದಿಗೆ. ಆ ನಗುವಿಗೆ ನಾನು ಒಂದು ದಿನವೂ ಗದರಲಿಲ್ಲ.

ಒಂಬತ್ತು ಎಂಬ ಅಂಕಿಯನ್ನು ಬೈಗುಳ ಮಾಡಿದವರು ಮಕ್ಕಳಲ್ಲ, ದೊಡ್ಡವರು. ಮಕ್ಕಳು ಅದನ್ನು ಮನೆಯ ಜಗಲಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸಿನಿಮಾದ ಕಾಮಿಡಿ ಸೀನಿನಲ್ಲಿ ಕಲಿತು ಶಾಲೆಗೆ ತಂದಿದ್ದವು. ಹೆಣ್ಣಿಗ, ಚಕ್ಕ ಎಂಬ ಮಾತುಗಳೂ ಅದೇ ದಾರಿಯಲ್ಲಿ ಬಂದಿದ್ದವು. ಶಾಲೆಯ ಕೆಲಸ ಆ ಮಾತುಗಳನ್ನು ಬಾಗಿಲಲ್ಲೇ ತಡೆಯುವುದಾಗಿತ್ತು. ತಡೆಯಬೇಕಾದ ಜಾಗದಲ್ಲಿ ನಾನಿದ್ದೆ.

'ಅವನು' ಎಂದು ಬರೆದೆ. ಹಾಗೆ ಕರೆಯಬಹುದೇ ಎಂದು ಅಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಇನ್ನು ಮುಂದೆ 'ಮಗು' ಎನ್ನುತ್ತೇನೆ. ಮಗು ಬಂತು, ಮಗು ಅತ್ತಿತು ಎನ್ನುವಾಗ ನಮ್ಮ ನುಡಿ ಗಂಡೋ ಹೆಣ್ಣೋ ಎಂದು ವಿಚಾರಿಸುವುದಿಲ್ಲ. ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದವನು ನಾನು. ಸೂರ್ಯ ಮೂಡಿದನು ಎಂದರೂ ಸರಿ, ಸೂರ್ಯ ಮೂಡಿತು ಎಂದರೂ ಸರಿ ಎಂದು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಹಳಗನ್ನಡ ವ್ಯಾಕರಣಕಾರ ಕೇಶಿರಾಜ ಲಿಂಗವನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದ್ದಾನೆಂದು ಹೇಳಿಕೊಟ್ಟಿದ್ದೇನೆ. ಪದಗಳ ಲಿಂಗ ಬೇರೆ, ಮನುಷ್ಯರ ಬಾಳು ಬೇರೆ, ಗೊತ್ತು. ಆದರೂ ನುಡಿಯಲ್ಲಿ ಇಷ್ಟು ಎಡೆ ಇಟ್ಟುಕೊಂಡ ಜನ ನಾವು, ಹನ್ನೆರಡು ವರ್ಷದ ಒಂದು ಮಗುವಿಗೆ ಒಂದು ಬೆಂಚಿನಷ್ಟು ಎಡೆ ಕೊಡಲಾರದೆ ಹೋದೆವು.

ಆ ಮಗು ಶಾಲೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಬಿಸಿಯೂಟದ ತಟ್ಟೆ ಹಿಡಿದು ಗೋಡೆ ಪಕ್ಕ ಒಂಟಿಯಾಗಿ ಕೂತು ಅನ್ನ ಸಾರು ಉಣ್ಣುತ್ತಿತ್ತು, ಲೋಟ ಮುಟ್ಟುತ್ತಿರಲಿಲ್ಲ. ಬಹಳ ದಿನದ ಮೇಲೆ ನನಗೆ ಕಾರಣ ತಿಳಿಯಿತು. ಹುಡುಗರ ಶೌಚಾಲಯದಲ್ಲಿ ಮೂವರು ಸೇರಿ ಚಡ್ಡಿ ಎಳೆದು 'ಇದು ಯಾವುದು ನೋಡೋಣ' ಎಂದಿದ್ದರಂತೆ. ಆ ಮೇಲೆ ಮಗು ಅತ್ತ ಹೋಗಿರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಹೊಟ್ಟೆ ಬಿಗಿಹಿಡಿದು ಕೂರುವುದು. ಒಂದು ಮಧ್ಯಾಹ್ನ ತಡೆಯಲಾರದೆ ನನ್ನ ಬಳಿ ಬಂದು, 'ಸಾ, ಟೀಚರ್ಸ್ ಬಾತ್‌ರೂಮಿಗೆ ಹೋಗ್ಲಾ?' ಎಂದಿತು. 'ಹಂಗೆಲ್ಲ ರೂಲ್ಸ್ ಇಲ್ಲಪ್ಪ' ಎಂದೆ. ಕೋಪದಿಂದ ಹೇಳಿದ್ದಲ್ಲ, ಮೆಲ್ಲಗೇ ಹೇಳಿದೆ. ಮೆಲ್ಲಗೆ ಹೇಳಿದೆನೆಂದು ಮಾಡಿದ ತಪ್ಪು ಸಣ್ಣದಾಗುವುದಿಲ್ಲ.

ದಸರಾ ರಜೆ ಮುಗಿದ ಮೇಲೆ ತಾಯಿ ಬಂದು ಟಿಸಿ ಕೇಳಿದರು. ಮುಖ್ಯ ಶಿಕ್ಷಕರ ಪ್ರಭಾರ ನನ್ನದೇ ಇತ್ತು. ಟಿಸಿಯಲ್ಲಿ 'ಶಾಲೆ ಬಿಟ್ಟ ಕಾರಣ' ಎಂಬ ಕಲಂ ಇರುತ್ತದೆ. ಅಲ್ಲಿ ನನ್ನ ಕೈಬರಹದಲ್ಲಿ 'ಪಾಲಕರ ಅಪೇಕ್ಷೆಯ ಮೇರೆಗೆ' ಎಂದು ಬರೆದು, ಸೀಲು ಒತ್ತಿ, ಸಹಿ ಹಾಕಿ ಕೊಟ್ಟೆ. ಮೂವತ್ತು ವರ್ಷದಲ್ಲಿ ನಾನು ಬರೆದ ದೊಡ್ಡ ಸುಳ್ಳು ಅದು. ಆ ಕಾಗದ ಹಿಡಿದು ಮಗು ಬೇರೆ ಶಾಲೆಗೆ ಸೇರಲಿಲ್ಲ ಎಂದು ಆಮೇಲೆ ತಿಳಿಯಿತು.

ಇದು 2014ಕ್ಕೆ ಮೊದಲಿನ ಮಾತು. ಅಂದು 'ರೂಲ್ಸ್ ಇಲ್ಲ' ಎಂದದ್ದು ನಿಜವೇ ಆಗಿತ್ತು. ಇಂದು ಯಾವ ಮೇಷ್ಟ್ರೂ ಹಾಗೆನ್ನುವಂತಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ, ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂಬುದನ್ನು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪಿತ್ತಿತು. 2017ರಲ್ಲಿ ಕರ್ನಾಟಕ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ತನ್ನದೇ ನೀತಿಯನ್ನು ತಂದಿತು. ತೃತೀಯ ಲಿಂಗಿಗಳ ಹಕ್ಕು ರಕ್ಷಣೆಯ 2019ರ ಕೇಂದ್ರ ಕಾಯ್ದೆ 2020ರ ಜನವರಿ 10ರಿಂದ ಜಾರಿಗೆ ಬಂತು. ಸರ್ಕಾರದ ಅನುದಾನವೋ ಮಾನ್ಯತೆಯೋ ಇರುವ ಯಾವುದೇ ಶಾಲೆ ಈ ಮಕ್ಕಳಿಗೆ ಭೇದವಿಲ್ಲದೆ ಪಾಠ, ಆಟ, ಮನರಂಜನೆಗಳಲ್ಲಿ ಅವಕಾಶ ಕೊಡಲೇಬೇಕು ಎನ್ನುತ್ತದೆ ಅದರ 13ನೇ ಸೆಕ್ಷನ್. ಆ ಕಾಯ್ದೆಯಡಿ 2020ರಲ್ಲಿ ಬಂದ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ: ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು, ಕಿರುಕುಳವಾದರೆ ವಿದ್ಯಾರ್ಥಿ ಅಲ್ಲಿಗೆ ಹೋಗುವಂತಿರಬೇಕು, ಕಿರುಕುಳ ಕೊಟ್ಟವರು ಶಿಕ್ಷಕರೇ ಆದರೂ ಅವರಿಂದ ಮಗುವನ್ನು ಕಾಯುವ ಅಧಿಕಾರ ಆ ಸಮಿತಿಗೆ ಇರಬೇಕು. ಸಂಸ್ಥೆಗಳಲ್ಲಿ ಶೌಚಾಲಯ ಮೊದಲಾದ ಸೌಕರ್ಯ ಮಾಡಲು ಆ ನಿಯಮಗಳು ಎರಡು ವರ್ಷದ ಗಡುವು ಇಟ್ಟಿದ್ದವು. ಗಡುವು 2022ಕ್ಕೇ ಮುಗಿದಿದೆ.

ನಿಮ್ಮ ಊರ ಶಾಲೆಯ ಗೋಡೆ ನೋಡಿ. ಬಿಸಿಯೂಟದ ಪಟ್ಟಿ ಬರೆದಿರುತ್ತದೆ. ಮಕ್ಕಳ ಸಹಾಯವಾಣಿ 1098 ಇರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರ ಹೆಸರುಗಳಿರುತ್ತವೆ. ಕಿರುಕುಳದಿಂದ ಕಾಯಲು ನಿಯಮಗಳು ಹೇಳಿದ ಸಮಿತಿಯ ಹೆಸರು ಬರೆದ ಗೋಡೆಯನ್ನು ನಾನಿನ್ನೂ ಕಂಡಿಲ್ಲ.

ಶಿಕ್ಷಕರಿಗೆ ತಿಳಿಸಿಕೊಡುವ ಪ್ರಯತ್ನ ಆಗಲೇ ಇಲ್ಲವೆಂದಲ್ಲ. 2021ರಲ್ಲಿ ಎನ್‌ಸಿಇಆರ್‌ಟಿ ಶಾಲಾ ಶಿಕ್ಷಣದಲ್ಲಿ ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಒಳಗೊಳ್ಳುವುದು ಹೇಗೆ ಎಂಬ ತರಬೇತಿ ಕೈಪಿಡಿಯನ್ನು ಹೊರತಂದಿತು. ಶೌಚಾಲಯ, ಸಮವಸ್ತ್ರ, ಮಕ್ಕಳನ್ನು ಮಾತುಮಾತಿಗೆ ಹುಡುಗರು ಹುಡುಗಿಯರೆಂದು ಎರಡು ಸಾಲು ಮಾಡುವ ಅಭ್ಯಾಸ, ಎಲ್ಲವನ್ನೂ ಅದು ಶಿಕ್ಷಕರ ಮುಂದಿಟ್ಟಿತ್ತು. ಆಕ್ಷೇಪಗಳು ಬಂದವು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೇ ಅದರಲ್ಲಿ ದೋಷವಿದೆಯೆಂದು ಪತ್ರ ಬರೆಯಿತು. ಕೆಲವೇ ದಿನಗಳಲ್ಲಿ ಕೈಪಿಡಿ ಜಾಲತಾಣದಿಂದ ಮಾಯವಾಯಿತು. ಅದೇ ವರ್ಷ ಜೂನ್ 7ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್, ಶಾಲೆ ಕಾಲೇಜುಗಳಲ್ಲಿ ಈ ತಿಳಿವಳಿಕೆ ಮೂಡಿಸಬೇಕೆಂದು ನಿರ್ದೇಶಿಸಿದ್ದರು. ಕೈಪಿಡಿಯನ್ನು ಅವಸರದಿಂದ ಹಿಂತೆಗೆದುಕೊಂಡದ್ದನ್ನು ಅವರು ತರಾಟೆಗೆ ತೆಗೆದುಕೊಂಡರು. ಮಕ್ಕಳ ಹೆಸರಿನಲ್ಲಿಯೇ ಮಕ್ಕಳ ಕೈಯಿಂದ ಒಂದು ಆಸರೆಯನ್ನು ಕಿತ್ತುಕೊಂಡದ್ದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಆ ಪುಸ್ತಕದಲ್ಲಿ ತಪ್ಪಿದ್ದರೆ ತಿದ್ದಬಹುದಿತ್ತು.

ಮಕ್ಕಳ ಕಥೆ ಹೀಗಾದರೆ ಕಲಿಸುವವರ ಕಥೆ ಬೇರೆಯಲ್ಲ. ಟ್ರಾನ್ಸ್ ಮಹಿಳೆ ಜೇನ್ ಕೌಶಿಕ್ ಶಿಕ್ಷಕಿ. ಉತ್ತರ ಪ್ರದೇಶದ ಖಾಸಗಿ ಶಾಲೆಯೊಂದರಲ್ಲಿ ಅವರ ಕೆಲಸ ಹೋಯಿತು, ಗುಜರಾತಿನ ಇನ್ನೊಂದು ಶಾಲೆ ಗುರುತು ತಿಳಿದ ಮೇಲೆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. 2025ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅವರಿಗೆ ಪರಿಹಾರ ಕೊಡಿಸಿತು. ಕಾಯ್ದೆ ಇದ್ದೂ ಸರ್ಕಾರಗಳು ಅದನ್ನು ಜಾರಿಗೆ ತರದೆ ಕೂತಿವೆ ಎಂದು ಕಟುವಾಗಿ ನುಡಿದು, ಸಮಾನ ಅವಕಾಶದ ನೀತಿ ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಹೆಮ್ಮೆಪಡಲು ಒಂದು ಕಾರಣವಿದೆ. 2021ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ತೃತೀಯ ಲಿಂಗಿಗಳಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ. 2022ರ ಪ್ರಾಥಮಿಕ ಶಾಲಾ ಪದವೀಧರ ಶಿಕ್ಷಕರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಮೂವರು ಆಯ್ಕೆಯಾದರು. ಆ ಸುದ್ದಿ ಓದಿದ ದಿನ ನನಗೆ ಸಂತೋಷದ ಹಿಂದೆಯೇ ಸಂಕಟವೂ ಆಯಿತು. ಏಳನೇ ತರಗತಿಗೆ ಶಾಲೆ ಬಿಟ್ಟ ಮಗು ಯಾವ ಅಂಕಪಟ್ಟಿ ಹಿಡಿದು ಆ ಶೇ 1ರ ಬಾಗಿಲು ತಟ್ಟಬೇಕು? ಮೀಸಲಾತಿಯ ಫಲ ಕೈಗೆಟುಕಬೇಕಾದರೆ ಶಾಲೆಯೆಂಬ ಏಣಿ ನಡುವೆ ಮುರಿಯಬಾರದು.

ಎಷ್ಟು ಮಕ್ಕಳಿದ್ದಾರೆ ಎಂದು ಕೇಳುವವರಿದ್ದಾರೆ. 'ನಮ್ಮ ಶಾಲೆಯಲ್ಲಿ ಅಂಥವರು ಯಾರೂ ಇಲ್ಲ' ಎಂಬುದು ಮುಖ್ಯ ಶಿಕ್ಷಕರ ಬಾಯಲ್ಲಿ ಸದಾ ಸಿದ್ಧವಾಗಿರುವ ಮಾತು. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು 'ಇತರೆ' ಎಂದು ಬರೆಸಿದವರು ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266. ಆ ದೇಶದ ಲೆಕ್ಕದಲ್ಲಿ ಆರು ವರ್ಷದೊಳಗಿನ ಮಕ್ಕಳು 54,854. ಹೆತ್ತವರೇ ಗಣತಿದಾರರ ಮುಂದೆ ಹಾಗೆ ಬರೆಸಿದ ಕೂಸುಗಳು ಅವು. ಈಗ ಅವೆಲ್ಲ ಹೈಸ್ಕೂಲು, ಕಾಲೇಜಿನ ವಯಸ್ಸಿನಲ್ಲಿರಬೇಕು. ಎಲ್ಲಿ ಹೋದವು? ತಮಿಳುನಾಡಿನಲ್ಲಿ ಯುನೆಸ್ಕೊ ನಡೆಸಿದ ಅಧ್ಯಯನದಲ್ಲಿ, ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಯುವಜನರಲ್ಲಿ ಶೇ 60ರಷ್ಟು ಮಂದಿ ಮಾಧ್ಯಮಿಕ, ಪ್ರೌಢಶಾಲೆಯ ದಿನಗಳಲ್ಲಿ ದೈಹಿಕ ಕಿರುಕುಳ ಅನುಭವಿಸಿದ್ದೆವು ಎಂದರು. ಓದು ನಿಲ್ಲಿಸಲು ಆ ಕಾಟವೇ ಮುಖ್ಯ ಕಾರಣ ಎಂದವರು ಮೂವರಲ್ಲಿ ಒಬ್ಬರು. ಅಂಥ ಮಕ್ಕಳು ನಮ್ಮ ಶಾಲೆಯಲ್ಲಿ ಇಲ್ಲ ಎಂದರೆ, ಒಂದೋ ಹೆದರಿ ಅಡಗಿಕೊಂಡಿವೆ, ಇಲ್ಲವೇ ಆಗಲೇ ಟಿಸಿ ತೆಗೆದುಕೊಂಡು ಹೋಗಿವೆ.

ಇದುವರೆಗೆ ಹೇಳಿದ್ದು ಗಂಡೆಂದು ದಾಖಲಾದ ಒಂದು ಮಗುವಿನ ಮಾತು. ಹೆಣ್ಣೆಂದು ದಾಖಲಾಗಿ, ತಾನು ಗಂಡು ಎಂದು ಒಳಗೊಳಗೇ ಬಲ್ಲ ಮಗುವಿನ ಸಂಕಟ ಯಾರ ಕಣ್ಣಿಗೂ ಬೀಳುವುದಿಲ್ಲ. ಚಿಕ್ಕಂದಿನಲ್ಲಿ ಗಂಡುಬೀರಿ ಎಂದು ನಕ್ಕು ಸುಮ್ಮನಾಗುತ್ತಾರೆ. ಮರ ಹತ್ತಿದರೆ, ಗೋಲಿ ಆಡಿದರೆ ಯಾರೂ ಏನೂ ಅನ್ನುವುದಿಲ್ಲ. ಮೈನೆರೆದು ಆರತಿ ಎತ್ತಿದ ಮಾರನೇ ದಿನದಿಂದ ಎಲ್ಲ ಬದಲಾಗುತ್ತದೆ. ಎಂಟನೇ ತರಗತಿಗೆ ಚೂಡಿದಾರ, ಎದೆ ತುಂಬ ಪಿನ್ನು ಹಾಕಿದ ವೇಲು, ಎರಡು ಜಡೆ, ಅದಕ್ಕೆ ರಿಬ್ಬನ್. ರಿಬ್ಬನ್ ಕಟ್ಟದಿದ್ದರೆ ಪ್ರಾರ್ಥನೆಯ ಸಾಲಿನಿಂದ ಹೊರಗೆ. ಆ ಮಗುವಿಗೆ ದಿನವೂ ಬೆಳಿಗ್ಗೆ ಕನ್ನಡಿಯ ಮುಂದೆ ಇನ್ನೊಬ್ಬರ ವೇಷ ತೊಡಿಸಿದಂತೆ. ಕೂದಲು ಕತ್ತರಿಸಿಕೊಂಡು ಬಂದರೆ ಹೊಡೆತ, ಹೆಚ್ಚು ಮಾತಾಡಿದರೆ ಮದುವೆಯ ಮಾತು. ಊರಿನ ಬಾಯಿಗೆ ಹೆದರಿ ಬೇಗ ಮದುವೆ ಮಾಡಿ ಕಳಿಸಿದರೆ ಶಾಲೆ ಬಿಟ್ಟ ಕಾರಣ ಯಾವ ಕಾಗದದಲ್ಲೂ ಉಳಿಯುವುದಿಲ್ಲ. ಸಮವಸ್ತ್ರದ ಈ ಕಾಟ ತಪ್ಪಿಸಲು ದಾರಿಯಿದೆ: ಕೇರಳದ ಎರ್ನಾಕುಲಂ ಜಿಲ್ಲೆಯ ವಳಯನ್‌ಚಿರಂಗರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಅಂಗಿ, ಮೊಣಕಾಲಿನವರೆಗಿನ ಚಡ್ಡಿ ಮಾಡಿದರು. ಒಂದು ಹಳ್ಳಿ ಶಾಲೆ ಮಾಡಿತು ಅದನ್ನು.

ನಮ್ಮಲ್ಲಿ ವಾರ್ಷಿಕೋತ್ಸವದ ದಿನ ಹುಡುಗಿ ಕಚ್ಚೆ ಕಟ್ಟಿ, ಕತ್ತಿ ಹಿಡಿದು ಕಿತ್ತೂರು ಚೆನ್ನಮ್ಮ ಆದರೆ ಚಪ್ಪಾಳೆ. ಹುಡುಗ ಸೀರೆಯುಟ್ಟು ಕುಣಿದರೆ ಪ್ರತಿಭಾ ಕಾರಂಜಿಯ ಬಹುಮಾನ. ಯಕ್ಷಗಾನದ ಸ್ತ್ರೀವೇಷಕ್ಕೆ ರಾತ್ರಿಯಿಡೀ ಕೂತು ತಲೆದೂಗುತ್ತೇವೆ. ಜೋಗಪ್ಪ ಕೊಡ ಹೊತ್ತು ಬಂದರೆ ಎಲ್ಲಮ್ಮನ ಮಗ ಎಂದು ಕೈ ಮುಗಿಯುತ್ತೇವೆ. ಜೇಡರ ದಾಸಿಮಯ್ಯನ ವಚನ ಹೇಳಿ, ಗಂಡು ಹೆಣ್ಣೆಂಬ ಗೆರೆ ಆತ್ಮಕ್ಕಿಲ್ಲ ಎಂದು ನಾನೇ ಎಷ್ಟು ಸಲ ವಿವರಿಸಿಲ್ಲ! ಟ್ರಾನ್ಸ್ ಮಹಿಳೆ, ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಾಡೇ ನೋಡಿ ಕಣ್ತುಂಬಿಕೊಂಡಿತು. ಆದರೆ ಅವರನ್ನು ಆ ಎತ್ತರಕ್ಕೆ ಬೆಳೆಸಿದ್ದು ಗುರು ಕಾಳವ್ವ ಜೋಗತಿ ಕಲಿಸಿದ ಕುಣಿತ. ಆ ಯಶಸ್ಸಿನಲ್ಲಿ ನಾವು ಮೇಷ್ಟ್ರುಗಳು ಪಾಲು ಕೇಳುವಂತಿಲ್ಲ.

ಒಳ್ಳೆಯ ಮೇಷ್ಟ್ರುಗಳು ಇಲ್ಲವೇ? ಇದ್ದಾರೆ. ಮಗುವನ್ನು ಪಕ್ಕ ಕೂರಿಸಿಕೊಂಡು ಊಟ ಮಾಡಿದ ಟೀಚರುಗಳನ್ನು ಕಂಡಿದ್ದೇನೆ. ಆದರೆ ಸರ್ಕಾರಿ ಶಾಲೆಯಲ್ಲಿ ಒಳ್ಳೆಯ ಟೀಚರಿಗೂ ವರ್ಗಾವಣೆ ಬರುತ್ತದೆ. ಅವರು ಹೋದ ಮಾರನೇ ದಿನ ಆ ಮಗುವಿನ ಗತಿಯೇನು? ಅದಕ್ಕೇ ಪ್ರತಿ ಶಾಲೆಯಲ್ಲೂ ಬರೆದಿಟ್ಟ ನಿಯಮ ಬೇಕು ಎನ್ನುತ್ತೇನೆ. ಮೇಷ್ಟ್ರ ಕರುಣೆ ಅವರ ಜೊತೆಗೇ ಬಸ್ಸು ಹತ್ತಿ ಹೋಗುತ್ತದೆ. ಗೋಡೆಯ ಮೇಲೆ ಬರೆದ ನಿಯಮ ಶಾಲೆಯಲ್ಲಿಯೇ ಉಳಿಯುತ್ತದೆ.

ಆ ನಿಯಮದಲ್ಲಿ ಭಾರಿ ಸಂಗತಿಗಳೇನೂ ಬೇಕಿಲ್ಲ. ಬೀಗವಿರುವ, ಯಾವ ಮಗುವಾದರೂ ಹೋಗಬಹುದಾದ ಒಂದು ಶೌಚಾಲಯ. ಹೊಸದು ಕಟ್ಟಲು ದುಡ್ಡು ಬರುವವರೆಗೆ ಶಿಕ್ಷಕರದನ್ನೇ ಬಿಟ್ಟುಕೊಟ್ಟರಾಯಿತು, ಅಂದು ನಾನು ಬಿಟ್ಟುಕೊಡದಿದ್ದದ್ದನ್ನು. ಹಾಜರಿ ಕರೆಯುವಾಗ ಮಗು ಬಯಸಿದ ಹೆಸರು. ದಾಖಲೆಯ ಹೆಸರು ಬದಲಾಗುವುದು ಸುಲಭವಲ್ಲ, ದೊಡ್ಡವರಾದ ಮೇಲೆ ಅಂಕಪಟ್ಟಿ ತಿದ್ದಿಸಲು ಹೈಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಆದರೆ ಬಾಯಿಂದ ಒಂದು ಹೆಸರು ಕರೆಯಲು ಯಾವ ಆದೇಶವೂ ಬೇಡ. ಪಿಟಿ ಪೀರಿಯಡ್ಡಿನಲ್ಲಿ ಕಬಡ್ಡಿಯೋ ಖೋಖೋವೋ ಯಾವ ಗುಂಪಿಗೆ ಹೋಗುತ್ತೀ ಎಂದು ಕೇಳುವ ಸೌಜನ್ಯ ಬೇಕು. ವಸತಿ ಶಾಲೆಗಳಲ್ಲಿ ಮಲಗುವ ಕೋಣೆ, ಸ್ನಾನದ ವೇಳೆ ಇವುಗಳ ಬಗ್ಗೆ ವಾರ್ಡನ್‌ಗಳಿಗೆ ವಿಶೇಷ ಎಚ್ಚರ ಬೇಕು, ಅಲ್ಲಿ ಸಂಜೆ ಓಡಿಹೋಗಲು ಮನೆಯೂ ಇರುವುದಿಲ್ಲ. ಮಗು ನಂಬಿ ಹೇಳಿದ ಗುಟ್ಟನ್ನು ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಹಂಚಬಾರದು. ಮಗುವನ್ನು ಕೇಳದೆ ಮನೆಗೆ ಫೋನು ಮಾಡಿ ಹೇಳಲೂಬಾರದು, ಬೆಲ್ಟಿನ ಬಾಸುಂಡೆ ಹೊತ್ತು ಮಾರನೇ ದಿನ ಶಾಲೆಗೆ ಬಂದ ಮಕ್ಕಳಿವೆ. ಇನ್ನು ಸರ್ಟಿಫಿಕೇಟು. ಹದಿನೆಂಟು ತುಂಬದವರಿಗೆ ಗುರುತಿನ ಪ್ರಮಾಣಪತ್ರ ಬೇಕಾದರೆ ಪಾಲಕರೇ ಅರ್ಜಿ ಹಾಕಬೇಕು ಎನ್ನುತ್ತದೆ 2019ರ ಕಾಯ್ದೆ. ಮನೆಯವರೇ ಒಪ್ಪದ ಮಗುವಿಗೆ ಅದು ಸಿಗದು. ಕಾಗದ ತೋರಿಸಿದರೆ ಮಾತ್ರ ಮನುಷ್ಯರಂತೆ ಕಾಣುತ್ತೇವೆ ಎಂದು ಶಾಲೆ ಹೇಳಕೂಡದು.

'ಚಿಕ್ಕ ಮಕ್ಕಳಿಗೆ ಇದನ್ನೆಲ್ಲ ಯಾಕೆ ಹೇಳಿಕೊಡಬೇಕು? ಉಳಿದ ಮಕ್ಕಳೂ ಕೆಡುವುದಿಲ್ಲವೇ?' ಎಂದು ಪ್ರಾಮಾಣಿಕವಾಗಿ ಕೇಳುವ ಅಪ್ಪ ಅಮ್ಮಂದಿರಿದ್ದಾರೆ. ಅವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಯೋಚಿಸಿ, ನಮ್ಮ ತರಗತಿಯ ಆ ಹುಡುಗರಿಗೆ ಚಡ್ಡಿ ಎಳೆಯಲು ಯಾರು ಹೇಳಿಕೊಟ್ಟರು? ಶಾಲೆ ಬಾಯಿ ಮುಚ್ಚಿಕೊಂಡಿದ್ದ ಕಡೆ ಬೀದಿ ಪಾಠ ಹೇಳಿತು. ಒಬ್ಬ ಸಹಪಾಠಿಯನ್ನು ಹೀಯಾಳಿಸಬಾರದು ಎಂದು ಕಲಿತ ಮಗು ಯಾವ ಲೆಕ್ಕದಲ್ಲಿ ಕೆಟ್ಟಿತು? ಇಲ್ಲಿ ಔಷಧಿಯ ಮಾತಿಲ್ಲ, ಆಪರೇಷನ್ನಿನ ಮಾತಿಲ್ಲ, ಯಾವ ಮಗುವನ್ನೂ ನೀನು ಇಂಥದ್ದು ಎಂದು ತೀರ್ಮಾನಿಸುವ ಮಾತೂ ಇಲ್ಲ. ಕೆಲವು ಮಕ್ಕಳಿಗೆ ತಾವು ಯಾರು ಎಂಬುದು ಬೇಗ ತಿಳಿಯುತ್ತದೆ, ಕೆಲವರಿಗೆ ತಡವಾಗಿ, ಕೆಲವರು ಬೆಳೆಯುತ್ತ ಬೇರೆಯೇ ಹೇಳಬಹುದು. ಅಷ್ಟು ಕಾಲ ಮಗು ಹೊಡೆತ ತಿನ್ನದೆ, ಬಾಯಾರಿ ಕೂರದೆ, ಮಗ್ಗಿ ಕಲಿಯಲಿ. ಕೇಳುತ್ತಿರುವುದು ಇಷ್ಟೇ.

ಮೇಷ್ಟ್ರೇ, ಟೀಚರೇ, ನಾಳೆ ನಿಮ್ಮ ತರಗತಿಯಲ್ಲಿ ಆ ನಗು ಕೇಳಿಸಿದರೆ ದಯವಿಟ್ಟು ಪಾಠ ನಿಲ್ಲಿಸಿ. ಪೋರ್ಷನ್ ಒಂದು ದಿನ ಹಿಂದೆ ಬಿದ್ದರೆ ಬೀಳಲಿ. ನಕ್ಕ ಮಕ್ಕಳನ್ನು ಹೊಡೆಯಬೇಡಿ, ಅವರೂ ಮಕ್ಕಳೇ, ಕೂರಿಸಿಕೊಂಡು ಮಾತಾಡಿ. ಬಿಇಒ ಕಚೇರಿಯಿಂದ ಸುತ್ತೋಲೆ ಬರಲಿ ಎಂದು ಕಾಯಬೇಡಿ, ಕಾಯ್ದೆ ಬಂದು ಎಷ್ಟೋ ಕಾಲವಾಯಿತು. ಯಾವ ಮಗುವಿನ ಟಿಸಿಯಲ್ಲೂ ನಾನು ಬರೆದಂಥ ವಾಕ್ಯವನ್ನು ನೀವು ಬರೆಯಬೇಡಿ.

ಎಸ್‌ಡಿಎಂಸಿಯಲ್ಲಿರುವ ಅಣ್ಣಂದಿರೇ, ಅಕ್ಕಂದಿರೇ, ಮಕ್ಕಳನ್ನು ಶಾಲೆಗೆ ಕಳಿಸುವ ಅಪ್ಪ ಅಮ್ಮಂದಿರೇ, ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೊದಲ ವಾರವೇ ಹೋಗಿ ಎರಡು ಪ್ರಶ್ನೆ ಕೇಳಿ. ಕಾನೂನು ಹೇಳಿದ ಸಮಿತಿ ನಮ್ಮ ಶಾಲೆಯಲ್ಲಿ ಇದೆಯೇ, ಅದರಲ್ಲಿ ಯಾರಿದ್ದಾರೆ? ಹೆದರಿದ ಒಂದು ಮಗು ಇಲ್ಲಿ ಯಾವ ಶೌಚಾಲಯಕ್ಕೆ ಹೋಗಬೇಕು? ನಿಮ್ಮ ಮಗುವಿಗೆ ಇದು ಸಂಬಂಧಿಸಿಲ್ಲ ಎನಿಸಿದರೂ ಕೇಳಿ. ಆ ಇನ್ನೊಂದು ಮಗುವಿನ ತಾಯಿಗೆ ಬಂದು ಕೇಳುವ ಧೈರ್ಯ ಇರಲಿಕ್ಕಿಲ್ಲ. ಉತ್ತರ ಸಿಗುವವರೆಗೆ ಆಫೀಸಿನ ಮುಂದಿನ ಬೆಂಚಿನಿಂದ ಏಳಬೇಡಿ.